ಅಕ್ಟೋಬರ್‌ನಲ್ಲಿ ಲೇಹ್‌ಗೆ ಕಾರು: ಬೆಳಗಿನ ಜಾವ ಹೊರಡೋ ರೂಢಿ ಊರಲ್ಲೇ ಬಿಡಿ

ದಸರಾ ರಜೆ ಹತ್ತಿರ ಬಂತು ಅಂದ್ರೆ ನನಗೆ ಪ್ರಶ್ನೆಗಳ ಕಾಟ ಶುರು. ಕಲಬುರಗಿ, ಬೀದರ್, ಯಾದಗಿರಿ, ಮೂರೂ ಕಡೆಯವರು ಕಾರಲ್ಲಿ ಬೆಟ್ಟ ಹತ್ತೋದನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಾರೆ. ಆಯಿಲ್ ಬದಲಿಸಿ, ಸ್ಟೆಪ್ನಿ ನೋಡ್ಕೊಳ್ಳಿ ಅಂತೆಲ್ಲ ನಾನು ಹೇಳಲ್ಲ. ಅಷ್ಟೂ ಗೊತ್ತಿಲ್ಲದವರು ಹುಮನಾಬಾದ್ ಕೂಡ ದಾಟಬಾರದು.

ಪ್ರಶ್ನೆ: ಅಕ್ಟೋಬರ್ ಎರಡನೇ ವಾರ ಮನಾಲಿ ಮೇಲೆ ಲೇಹ್‌ಗೆ ನಮ್ಮ ಕಾರಲ್ಲೇ ಹೊರಟಿದ್ದೇವೆ. ಮನಾಲಿ ಆಚೆಯ ಜಿಸ್ಪಾದಿಂದ ಬೆಳಗಿನ ಜಾವ 4ಕ್ಕೆ ಬಿಟ್ಟರೆ ಅದೇ ದಿನ ಲೇಹ್ ಮುಟ್ಟಬಹುದು ಅಂತ ವಿಡಿಯೋದಲ್ಲಿ ಹೇಳಿದ್ದಾರೆ. ಸರೀನಾ? (ಕಲಬುರಗಿ)

ಸರಿ ಅಲ್ಲ. ಈ ಒಂದು ಸಲಹೆ ನಂಬಿ ಹೋದವರೇ ಜಾಸ್ತಿ ಕಷ್ಟಕ್ಕೆ ಬೀಳೋದು.

ನಿಮ್ಮ ರೂಢಿ ನನಗೆ ಅರ್ಥ ಆಗುತ್ತೆ. ನಮ್ಮ ಕಡೆ ದೂರದ ಊರಿಗೆ ಅಂದ್ರೆ ಬಿಸಿಲು ಏರೋದ್ರೊಳಗೆ ಸೊಲ್ಲಾಪುರ ದಾಟಬೇಕು ಅನ್ನೋದೇ ಲೆಕ್ಕ. ಆ ವಿಡಿಯೋ ಮಾಡಿದವನೂ ಸುಳ್ಳು ಹೇಳಿಲ್ಲ, ಆದರೆ ಅವನು ಹೋಗಿದ್ದು ಜೂನ್‌ನಲ್ಲೋ ಜುಲೈನಲ್ಲೋ. ಆಗ ಹಗಲೆಲ್ಲ ಹಿಮ ಕರಗಿ, ಮಧ್ಯಾಹ್ನದ ಮೇಲೆ ರಸ್ತೆಗೆ ಅಡ್ಡ ಹರಿಯೋ ಹಳ್ಳಗಳು ಉಕ್ಕುತ್ತವೆ. ಬೆಳಿಗ್ಗೆ ಬೇಗ ದಾಟಿದವನು ಜಾಣ. ಅಕ್ಟೋಬರ್‌ನಲ್ಲಿ ಲೆಕ್ಕ ಉಲ್ಟಾ. ಹಳ್ಳದಲ್ಲಿ ನೀರು ಕಡಿಮೆ, ಆದರೆ ಆ ಕಡಿಮೆ ನೀರೇ ರಾತ್ರಿ ರಸ್ತೆ ಮೇಲೆ ಗಾಜಾಗಿ ಕೂತಿರುತ್ತದೆ. ಇದಕ್ಕೇ ಬ್ಲ್ಯಾಕ್ ಐಸ್ ಅನ್ನೋದು.

ಇದು ಹೇಗೆ ಆಗುತ್ತೆ ನೋಡಿ. ಗುಡ್ಡ ಕಡಿದ ಕಡೆಯಿಂದ ಒಂದು ಗೇಣು ಅಗಲದ ನೀರು ಜಿನುಗಿ, ತಿರುವಿನಲ್ಲಿ ರಸ್ತೆ ದಾಟಿ, ಕಣಿವೆ ಕಡೆ ಬೀಳುತ್ತಿರುತ್ತದೆ. ಹಗಲು ಅದನ್ನು ಯಾರೂ ಲೆಕ್ಕಕ್ಕೇ ಇಡಲ್ಲ. ರಾತ್ರಿ ಆಕಾಶ ಶುಭ್ರ ಇದ್ದರೆ ರಸ್ತೆಯ ಕಾವೆಲ್ಲ ಮೇಲಕ್ಕೆ ಹೋಗಿ, ಗಾಳಿಗಿಂತ ಡಾಂಬರೇ ಜಾಸ್ತಿ ತಣ್ಣಗಾಗುತ್ತದೆ. ಅದಕ್ಕೇ ಡ್ಯಾಶ್‌ಬೋರ್ಡ್ 3 ಡಿಗ್ರಿ ತೋರಿಸುವಾಗಲೂ ನೆಲದ ಮೇಲೆ ಐಸ್ ಇರಬಹುದು. ಮೊದಲು ಹೆಪ್ಪುಗಟ್ಟೋದು ಸೇತುವೆಗಳು, ಯಾಕಂದ್ರೆ ಕೆಳಗಿನಿಂದಲೂ ತಣ್ಣನೆ ಗಾಳಿ ಆಡುತ್ತೆ. ಆಮೇಲೆ ಉತ್ತರಕ್ಕೆ ಮುಖ ಮಾಡಿದ ತಿರುವುಗಳು. ಅಲ್ಲಿ ಮಧ್ಯಾಹ್ನ ಆದರೂ ನೆರಳೇ, ಐಸ್ ಕರಗಿರುವುದೇ ಇಲ್ಲ.

ಕಣ್ಣಿಗೆ ಅದು ಬರೀ ಒದ್ದೆ ರಸ್ತೆ. ಆದರೆ ಮುಂದಿನ ಲಾರಿಯ ಚಕ್ರದಿಂದ ನೀರು ಸಿಡಿಯುತ್ತಿಲ್ಲ ಅಂದ್ರೆ ಅದು ನೀರಲ್ಲ. ಇನ್ನೊಂದು ಗುರುತು ಕಿವಿಗೆ: ಟೈರಿನ ಗುಂಯ್ ಅನ್ನೋ ಸದ್ದು ಒಮ್ಮೆಲೇ ನಿಂತುಹೋಗುತ್ತದೆ, ಸ್ಟೀರಿಂಗ್ ಹಗುರ ಆಗುತ್ತದೆ. ಆ ಹೊತ್ತಿಗೆ ನೀವು ಅದರ ಮೇಲೆಯೇ ಇದ್ದೀರಿ. ಸೋಪಿನ ನೀರು ಚೆಲ್ಲಿದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಿದ ಹಾಗೆ. ಬ್ರೇಕ್ ಮುಟ್ಟಬೇಡಿ. ಸ್ಟೀರಿಂಗ್ ಎಳೆಯಬೇಡಿ. ಎಕ್ಸಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆದು, ಇದ್ದ ಗೇರಿನಲ್ಲೇ ದಾಟಲು ಬಿಡಿ. ಇದು ಸಾಧ್ಯ ಆಗಬೇಕಾದ್ರೆ ನೀವು ಮೊದಲೇ ಎರಡನೇ ಗೇರಿನಲ್ಲಿ ನಿಧಾನ ಇರಬೇಕು. ಅನುಮಾನ ಬಂದರೆ ಅದಕ್ಕಿಂತ ಮುಂಚೆಯೇ ನಿಲ್ಲಿಸಿ, ಇಳಿದು ಬೂಟಿನಿಂದ ತಿಕ್ಕಿ ನೋಡಿ, ಬಿಸಿಲು ಬರೋವರೆಗೆ ಕಾಯಿರಿ. ನಮ್ಮದು ಫೋರ್ ವೀಲ್ ಡ್ರೈವ್ ಅಂತ ಎದೆ ಉಬ್ಬಿಸೋರಿಗೆ ಒಂದೇ ಮಾತು: ಅದು ಗಾಡಿ ಹೊರಡಿಸುತ್ತದೆ, ನಿಲ್ಲಿಸೋದಿಲ್ಲ.

ಹಾಗಾಗಿ ಬಿಸಿಲು ರಸ್ತೆಗೆ ಬಿದ್ದು ಒಂದು ಗಂಟೆ ಆದಮೇಲೆ ಹೊರಡಿ, ಮಧ್ಯಾಹ್ನ 3-4ಕ್ಕೆ ರೂಮಿಗೆ ಸೇರಿ. ಹಗಲು ಕರಗಿದ್ದು ಬಿಸಿಲು ಹೋದ ಕೂಡಲೇ ಮತ್ತೆ ಗಟ್ಟಿ ಆಗುತ್ತೆ. ಅಂದ್ರೆ ದಿನಕ್ಕೆ ನಿಮ್ಮ ಕೈಲಿರೋದು ಆರು, ಏಳು ಗಂಟೆ ಅಷ್ಟೇ. ಈಗ ನಿಮ್ಮ ಪ್ಲಾನ್ ನೋಡಿ. ಜಿಸ್ಪಾದಿಂದ ಲೇಹ್ ಮುನ್ನೂರು ಕಿಲೋಮೀಟರ್ ಮೇಲೆ. ನಡುವೆ ಬಾರಾಲಾಚಾ ಲಾ, ನಕೀ ಲಾ, ಲಾಚುಂಗ್ ಲಾ, ತಂಗ್ಲಾಂಗ್ ಲಾ, ನಾಲ್ಕು ಪಾಸ್ (ಬೆಟ್ಟ ದಾಟೋ ಎತ್ತರದ ದಾರಿ, ಅಲ್ಲಿಯವರ ಮಾತಲ್ಲಿ ‘ಲಾ’). ಕೊನೆಯದು 5,328 ಮೀಟರ್. ದಾರಿ ನಡುವಿನ ಸರ್ಚು, ಪಾಂಗ್ ಕಡೆಯ ಟೆಂಟ್‌ಗಳನ್ನು ಆ ಹೊತ್ತಿಗೆ ಬಹುಪಾಲು ಕಿತ್ತಿರುತ್ತಾರೆ. ಟೆಂಟ್ ಇದ್ದರೂ, 450 ಮೀಟರ್ ಎತ್ತರದ ಕಲಬುರಗಿಯಿಂದ ಹೋದವರು ಸರ್ಚುವಿನ 4,290 ಮೀಟರಿನಲ್ಲಿ ರಾತ್ರಿ ಮಲಗೋದಕ್ಕೆ ನಾನು ಒಪ್ಪಲ್ಲ. ಒಂದೇ ದಿನಕ್ಕೆ ಹೋಗೋಕೆ ಆಗಲ್ಲ, ನಡುವೆ ನಿಲ್ಲೋಕೆ ಜಾಗ ಇಲ್ಲ. ಲೆಕ್ಕ ಎಲ್ಲಿ ಕೂಡುತ್ತೆ ಹೇಳಿ.

ಲೇಹ್ ನೋಡಲೇಬೇಕು ಅಂದ್ರೆ ಶ್ರೀನಗರದ ಮೇಲೆ ಹೋಗಿ. ಝೋಜಿ ಲಾ 3,528 ಮೀಟರ್, ಫೋತು ಲಾ 4,108 ಮೀಟರ್, ನಡುವೆ ಕಾರ್ಗಿಲ್‌ನಲ್ಲಿ ಗೋಡೆ ಇರೋ ಹೋಟೆಲ್. ದಿನಕ್ಕೆ ಇನ್ನೂರು ಕಿಲೋಮೀಟರ್ ಸುಮಾರು, ದೇಹವೂ ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ಝೋಜಿ ಲಾದಲ್ಲೂ ಅಕ್ಟೋಬರ್‌ನಲ್ಲಿ ಹಿಮ ಬೀಳಬಹುದು, ಆಗ ಒಂದು ದಿನ ಸೋನಮಾರ್ಗ್‌ನಲ್ಲಿ ಸುಮ್ನೆ ಕೂತ್ಕೊಳ್ಳಿ. ಇಷ್ಟು ಹೇಳಿದ ಮೇಲೂ ಮನಾಲಿ ಕಡೆಯಿಂದಲೇ ಹೊರಟರೆ, ಜಿಸ್ಪಾ ಮುಂದಿನ ದಾರ್ಚಾ ಚೆಕ್‌ಪೋಸ್ಟ್‌ನಲ್ಲಿ ತಡೆದಾಗ ಪೊಲೀಸರ ಜೊತೆ ವಾದ ಮಾಡಬೇಡಿ. ಅಟಲ್ ಟನಲ್ 2020ರಲ್ಲಿ ಶುರುವಾಗಿ ರೋಹ್ತಾಂಗ್ ಹತ್ತೋದು ತಪ್ಪಿತು, ನಿಜ. ಆದರೆ ಟನಲ್ ತಪ್ಪಿಸಿದ್ದು ಒಂದು ಪಾಸ್ ಮಾತ್ರ.

ಪ್ರಶ್ನೆ: ನಮ್ಮ ಮೆಕ್ಯಾನಿಕ್ ರೇಡಿಯೇಟರ್‌ಗೆ ಬೋರ್ ನೀರೇ ಸಾಕು, ನಮ್ಮದು ಬಿಸಿ ಊರು ಅಂತಾರೆ. (ಸೇಡಂ)

ಊರು ಬಿಸಿ, ಆದರೆ ಗಾಡಿ ಹೋಗ್ತಿರೋದು ಎಲ್ಲಿಗೆ? ನೀರು ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗುತ್ತದೆ. ಎಂಜಿನ್ ಬ್ಲಾಕ್ ಸೀಳೋದಕ್ಕೆ ಒಂದು ರಾತ್ರಿ ಸಾಕು. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿದರೆ ಮೈನಸ್ 35ರವರೆಗೂ ಚಿಂತೆ ಇಲ್ಲ. ಮೇ ತಿಂಗಳ 43 ಡಿಗ್ರಿಯಲ್ಲೂ ಬರೀ ನೀರಿಗಿಂತ ಅದೇ ತಡವಾಗಿ ಕುದಿಯುತ್ತದೆ, ಅಂದ್ರೆ ಸೇಡಂನಲ್ಲೇ ತಿರುಗಾಡೋರಿಗೂ ಅದೇ ಬೇಕು. ಅದೂ ಅಲ್ಲದೆ ನಿಮ್ಮ ಕಡೆ ನೆಲದಡಿ ಎಲ್ಲ ಸುಣ್ಣಕಲ್ಲು, ಸಿಮೆಂಟ್ ಕಾರ್ಖಾನೆಗಳು ಸುಮ್ನೆ ಬಂದಿವೆಯಾ? ಆ ಗಡಸು ನೀರು ರೇಡಿಯೇಟರ್ ಒಳಗೆ ಚಹಾ ಕೆಟಲ್‌ನಲ್ಲಿ ಕಟ್ಟೋ ಬಿಳಿ ಪದರವನ್ನೇ ಕಟ್ಟುತ್ತದೆ. ಹಳೆ ನೀರನ್ನು ಪೂರ್ತಿ ತೆಗೆಸಿ, ಹೀಟರ್ ಆನ್ ಇಟ್ಟು ಫ್ಲಶ್ ಮಾಡಿಸಿ. ಮೇಲೆ ಮೇಲೆ ಒಂದು ಬಾಟಲಿ ಸುರಿದು ಬಿಲ್ ಕೊಡೋರೂ ಇದ್ದಾರೆ, ಎದುರೇ ನಿಂತು ನೋಡಿ.

ಪ್ರಶ್ನೆ: ಚಳಿಗೆ ಡೀಸೆಲ್ ಗಟ್ಟಿ ಆಗದಂತೆ ಸೀಮೆಎಣ್ಣೆ ಬೆರೆಸಬಹುದಾ? (ಶಹಾಪುರ)

ಬೇಡ. ಬಿಎಸ್6 (ಈಗಿನ ಹೊಗೆ ನಿಯಮದ) ಗಾಡಿಯಲ್ಲಿ ಕೆಟ್ಟುಹೋಗೋ ಪಂಪು, ಇಂಜೆಕ್ಟರ್ ಬೆಲೆ ಕೇಳಿ ಬನ್ನಿ, ಆಮೇಲೆ ಬೆರೆಸಿ. ಬಯಲಿನ ಡೀಸೆಲ್ ಟ್ಯಾಂಕಿನಲ್ಲಿ ಖಾಲಿ ಮಾಡ್ಕೊಂಡು, ಮೇಲೆ ಹೋದಮೇಲೆ ಅಲ್ಲಿನ ಬಂಕಿನದ್ದೇ ತುಂಬಿಸಿ.

ಪ್ರಶ್ನೆ: ಎತ್ತರಕ್ಕೆ ಹೋದಾಗ ಟೈರ್ ಗಾಳಿ ಇಳಿಸಬೇಕಾ? (ಬಸವಕಲ್ಯಾಣ)

ಬೇಡ. ಎತ್ತರಕ್ಕೆ ಒತ್ತಡ ಏರುತ್ತೆ, ಚಳಿಗೆ ಇಳಿಯುತ್ತೆ. ಕಂಪನಿ ಹೇಳಿದಷ್ಟೇ ಇಟ್ಟುಕೊಳ್ಳಿ.

ಪ್ರಶ್ನೆ: ಉಸಿರಾಟಕ್ಕೆ ಕರ್ಪೂರ, ಚಳಿಗೆ ಎರಡು ಪೆಗ್ ರಮ್ ಸಾಕಲ್ವಾ? (ಹೆಸರು ಬೇಡ ಎಂದಿದ್ದಾರೆ)

ಹೆಸರು ಬೇಡ ಅಂದಿದ್ದು ಒಳ್ಳೇದಾಯ್ತು. ಕರ್ಪೂರದಿಂದ ಆಕ್ಸಿಜನ್ ಹುಟ್ಟಲ್ಲ. ರಮ್ ಕುಡಿದರೆ ಚರ್ಮಕ್ಕೆ ಬೆಚ್ಚಗೆ ಅನಿಸುತ್ತೆ, ಮೈಯ ಕಾವು ಹೊರಗೆ ಹೋಗುತ್ತೆ, ನಿದ್ದೆಯಲ್ಲಿ ಉಸಿರಾಟವೂ ಕುಗ್ಗುತ್ತೆ. ಎತ್ತರದ ಕಾಯಿಲೆ ತಡೆಯೋ ಡಯಾಮಾಕ್ಸ್ ಮಾತ್ರೆ ಬೇಕಾ ಬೇಡವಾ ಅಂತ ನಿಮ್ಮ ಡಾಕ್ಟರನ್ನು ಕೇಳಿ, ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಮೊದಲೇ ಹೇಳಿ. ತಲೆನೋವು ಜಾಸ್ತಿ ಆಗಿ ನಡಿಗೆ ತೂರಾಡಿದರೆ ಆ ಕ್ಷಣವೇ ಕೆಳಗೆ ಇಳಿಯಬೇಕು, ಬೆಳಗಾಗಲಿ ಅಂತ ಕಾಯಬಾರದು.

ಪ್ರಶ್ನೆ: ಮಗ ಮ್ಯೂನಿಕ್‌ನಲ್ಲಿದ್ದಾನೆ. ಅಕ್ಟೋಬರ್ ಕೊನೆಗೆ ನಮ್ಮನ್ನು ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆಗೆ ಕರ್ಕೊಂಡು ಹೋಗ್ತಾನಂತೆ. (ಬೀದರ್)

ರಸ್ತೆ ಚೆನ್ನಾಗಿದೆ, ಆದರೆ ಅದೂ 2,500 ಮೀಟರ್ ದಾಟುತ್ತದೆ, ನವೆಂಬರ್ ಶುರುವಿಗೆ ಸಾಮಾನ್ಯವಾಗಿ ಮುಚ್ಚುತ್ತದೆ, ರಾತ್ರಿ ಬಿಡೋದೂ ಇಲ್ಲ. ಅವತ್ತು ತೆರೆದಿದೆಯಾ ಅಂತ ಬೆಳಿಗ್ಗೆಯೇ ನೋಡಲು ಹೇಳಿ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಹಿಮ, ಐಸ್ ಇರೋ ರಸ್ತೆಗೆ ವಿಂಟರ್ ಟೈರ್ ಕಾನೂನು. ಆದರೆ ಹಿಮಕ್ಕೆ ತಾರೀಖು ಗೊತ್ತಿರಲ್ಲ, ಈಗಲೇ ಹಾಕಿಸಲಿ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತೆ ಅಲ್ವಾ? (ಯಾದಗಿರಿ)

ಉಳಿಯಲ್ಲ. ಈಗಿನ ಗಾಡಿ ಗೇರಿನಲ್ಲಿದ್ದು ನೀವು ಕಾಲು ತೆಗೆದರೆ ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಲು ಕುಡಿಯುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯ, ಪೂರಾ ಭಾರ ಬ್ರೇಕ್ ಮೇಲೆ ಬಿದ್ದು ಅದು ಕಾದು ಕೈಕೊಡುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ. ಸುಟ್ಟ ವಾಸನೆ ಬಂದರೆ ಚಕ್ರದ ಮೇಲೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟ ಆಗುತ್ತೆ. ಗೇರಿನಲ್ಲಿ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಕೂತ್ಕೊಳ್ಳಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದು ಹೋಗಿ, ಹಿಂದೆ ಬೈಕಿನವರು ಬರ್ತಿರ್ತಾರೆ.