ಸಿಮಿಯನ್ ಬೆಟ್ಟದ ಕೋತಿಗಳು ಮೈಮೇಲೆ ಬೀಳ್ತವಾ?

ಪ್ರಶ್ನೆ: ಇಥಿಯೋಪಿಯಾದ ಸಿಮಿಯನ್ ನ್ಯಾಷನಲ್ ಪಾರ್ಕಲ್ಲಿ ಟ್ರೆಕ್ ಮಾಡೋರ ಜೊತೆ ಕೋವಿ ಹಿಡಿದ ಸ್ಕೌಟ್ (ಕಾವಲುಗಾರ) ಬರ್ತಾನಂತೆ, ಗೆಲಾಡಾ ಕೋತಿಗಳು ಅಷ್ಟು ಡೇಂಜರ್ರಾ?

ಉತ್ತರ: ಛೇ, ಇಲ್ಲಪ್ಪ! ಸ್ಕೌಟ್ ಬರೋದು ಪಾರ್ಕಿನ ರೂಲು ಅಷ್ಟೆ. ಗೆಲಾಡಾಗಳು ಹಗಲೆಲ್ಲ ನೂರಾರು ಒಟ್ಟಿಗೆ ಕೂತು ಹುಲ್ಲು ಕೀಳ್ತಾ ತಿಂತಾ ಇರ್ತವೆ, ಊಟದಲ್ಲಿ ಬಹುಪಾಲು ಹುಲ್ಲೇ, ಎದೇಲಿ ಕೆಂಪು ಪಟ್ಟೆ, ಸಂಜೆಯಾದ್ರೆ ಚಿರತೆ ಗಿರತೆ ಭಯಕ್ಕೆ ಕಡಿದಾದ ಬಂಡೆಗೋಡೆ ಇಳಿದು ಅಲ್ಲೇ ಮಲಗ್ತವೆ. ಹತ್ರ ಕೂತ್ರೂ ಕ್ಯಾರೇ ಅನ್ನಲ್ಲ, ಆದ್ರೆ ತಿಂಡಿ ಮಾತ್ರ ಹಾಕ್ಬೇಡಿ. ಚೆನ್ನೆಕ್ ಕ್ಯಾಂಪ್ ಕಡೆ ವಾಲಿಯಾ ಕಾಡುಮೇಕೆನೂ ನೋಡ್ಬಹುದು, ಅದು ಇಥಿಯೋಪಿಯಾ ಬಿಟ್ರೆ ಬೇರೆಲ್ಲೂ ಇಲ್ಲ. ನನ್ ಕೇಳಿದ್ರೆ ಹೆದರಬೇಕಾದ್ದು ಎತ್ತರಕ್ಕೆ, ಕ್ಯಾಂಪ್‌ಗಳೇ 3,000 ಮೀಟರ್ ಮೇಲಿವೆ. ಮತ್ತೆ 2023ರಿಂದ ಈ ಪಾರ್ಕ್ ಇರೋ ಅಮ್ಹಾರಾ ಪ್ರಾಂತ್ಯದಲ್ಲಿ ಗಲಾಟೆ ಇದೆ, ಟಿಕೆಟ್ ಮಾಡ್ಸೋ ಮುಂಚೆ ವಿಚಾರಿಸಿ.