ಶಾಲೆಯವರು 8ನೇ ಕ್ಲಾಸಿನ ಮಕ್ಕಳನ್ನು ನೇಪಾಳದ ಚಿತ್ವನ್‌ಗೆ ಕರೆದೊಯ್ಯುತ್ತಾರಂತೆ, ಮಗಳನ್ನು ಕಳಿಸಲಾ? ಕಾಡು ನೋಡೋಕೆ ನಮ್ಮ ಬಂಡೀಪುರ ಸಾಲದಾ?

ಕಳಿಸಿ. ನಾನೂ ಎಂಟನೇ ಕ್ಲಾಸಿನಲ್ಲೇ ಶಾಲೆಯ ಟೂರಿನಲ್ಲಿ ಚಿತ್ವನ್‌ಗೆ ಹೋಗಿದ್ದೆ. "ಕಾಡು ಇಲ್ಲೇ ಇಲ್ವಾ" ಅಂತ ನಮ್ಮ ಅಜ್ಜನೂ ಕೇಳಿದ್ದರು.

ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಗಡಿಯ ಸುನೌಲಿಗೆ ಬಸ್ಸು. ಭಾರತೀಯರಿಗೆ ವೀಸಾ ಬೇಡ. ಒಬ್ಬರ ಕೈ ಒಬ್ಬರು ಹಿಡಿದು ಗಡಿಯನ್ನು ನಡೆದೇ ದಾಟಿದೆವು. ದಾಟಿದ ಕೂಡಲೇ ಮೇಷ್ಟ್ರು ಎಲ್ಲರ ವಾಚನ್ನೂ ಹದಿನೈದು ನಿಮಿಷ ಮುಂದಕ್ಕೆ ಇಡಿಸಿದರು. ವಿದೇಶ ಅಂತ ನನಗೆ ನಿಜವಾಗಿ ಅನಿಸಿದ್ದು ಆಗ.

ಉಳಿದುಕೊಂಡದ್ದು ರಾಪ್ತಿ ನದಿಯ ದಂಡೆಯ ಸೌರಾಹದಲ್ಲಿ. ಡಿಸೆಂಬರ್ ತಿಂಗಳು. ಸಾಸಿವೆ ಹೊಲಗಳೆಲ್ಲ ಹಳದಿ. ಬೆಳಿಗ್ಗೆ ನದಿಯೇ ಕಾಣದಷ್ಟು ಮಂಜು. ಎಂಥಾ ಚಳಿ ಅಂತೀರಿ! ಇಲ್ಲೇ ನನಗೆ ಪೆಟ್ಟು ಬಿದ್ದದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗಳಿಗೆ ಹಾಗಾಗಬಾರದು.

ನಮ್ಮೂರಿನ ಚಳಿಗೆ ಸ್ವೆಟರ್ ಯಾರಿಗೆ ಬೇಕು? ನನ್ನ ಹತ್ತಿರ ಇರಲಿಲ್ಲ. ಅಮ್ಮ ಹೊಸದು ತಂದರು. ಅಚ್ಚ ಕೆಂಪು ಬಣ್ಣ. ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಮೇಷ್ಟ್ರಿಗೆ ದೂರದಿಂದಲೇ ಕಾಣಲಿ ಅಂತ. ಬೆಚ್ಚಗಿನ ಬಟ್ಟೆ ಅಂತ ಇದ್ದದ್ದು ಅದೊಂದೇ. ಕಾಡಿಗೆ ಹೊರಡುವ ಬೆಳಿಗ್ಗೆ ಗೈಡ್ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು. ಕಾಲ್ನಡಿಗೆಗೆ ಹುಲ್ಲಿನ ಬಣ್ಣ, ಮಣ್ಣಿನ ಬಣ್ಣ ಮಾತ್ರ. ಎದ್ದು ಕಾಣುವ ಬಣ್ಣ ಬೇಡವೇ ಬೇಡ. ಸ್ವೆಟರ್ ತೆಗೆದರೆ ಚಳಿ ತಡೆಯೋಕಾಗಲ್ಲ, ಹಾಕಿದರೆ ಬಿಡಲ್ಲ. ಸಾಲ ಕೊಡೋಣ ಅಂದರೆ ಯಾರ ಬಳಿಯೂ ಇನ್ನೊಂದು ಇಲ್ಲ. ಹೊರಡುವ ಮೊದಲು ಬಟ್ಟೆಯ ಬಣ್ಣದ ವಿಷಯ ನಮಗೆ ಯಾರೂ ಹೇಳಿರಲೇ ಇಲ್ಲ. ನಾನು ಉಳಿದೆ. ಅವತ್ತು ಹೋದವರೆಲ್ಲ ಮರಿ ಜೊತೆಗಿದ್ದ ಖಡ್ಗಮೃಗವನ್ನು ನೋಡಿ ಬಂದರು. ಊಟದ ಹೊತ್ತಿಗೂ ಅದೇ ಮಾತು. ನಾನು ತಟ್ಟೆ ಬಿಟ್ಟು ಎದ್ದುಹೋದೆ.

ಮರುದಿನ ಅಡುಗೆಯ ಅಕ್ಕ ತಮ್ಮ ಕಂದು ಶಾಲು ಹೊದಿಸಿ ಕಳಿಸಿದರು. ಗೈಡ್ ಕೈಯಲ್ಲಿ ಒಂದು ಕೋಲು, ಅಷ್ಟೇ. ಖಡ್ಗಮೃಗ ನುಗ್ಗಿದರೆ ನೇರ ಓಡಬೇಡಿ, ಅಂಕುಡೊಂಕಾಗಿ ಓಡಿ, ಮರ ಹತ್ತಿ. ಹುಲಿ ಎದುರಾದರೆ ಓಡಲೇಬೇಡಿ, ಕಣ್ಣು ಕೀಳದೆ ಹಿಂದಕ್ಕೆ ಸರಿಯಿರಿ. ಕರಡಿ ಬಂದರೆ ಗುಂಪು ಬಿಡಬೇಡಿ. ಹಿಂದಿಯಲ್ಲಿ ಹೇಳಿದ ಈ ಮಾತುಗಳನ್ನು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡೆವು.

ಹುಲ್ಲು ನಮ್ಮ ತಲೆಗಿಂತ ಎತ್ತರ. ಒಂದು ಕಡೆ ಲದ್ದಿಯ ದೊಡ್ಡ ಗುಡ್ಡೆ. ಖಡ್ಗಮೃಗಗಳು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಲದ್ದಿ ಹಾಕುತ್ತವಂತೆ. ಅಲ್ಲಿ ಗೈಡ್ ಕೈ ಎತ್ತಿದರು. ಪಕ್ಕದಲ್ಲೇ ಹುಲ್ಲು ಮುರಿಯುವ ಸದ್ದು. ಬುಸ್ ಅಂತ ಉಸಿರು. ಏನೂ ಕಾಣುತ್ತಿಲ್ಲ. ನನ್ನ ಗೆಳತಿಯ ಉಗುರು ನನ್ನ ಅಂಗೈಗೆ ಚುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಸದ್ದು ದೂರವಾಯಿತು. ಕಾಲ್ನಡಿಗೆಯಲ್ಲಿ ಖಡ್ಗಮೃಗ ನನಗೆ ಕೊನೆಗೂ ಕಾಣಲಿಲ್ಲ. ಆದರೂ ಆ ಬೆಳಿಗ್ಗೆಯಷ್ಟು ಎಚ್ಚರವಾಗಿ ನಾನು ಯಾವತ್ತೂ ಇದ್ದಿಲ್ಲ.

ಸಂಜೆ ಬೂರುಗದ ಮರದ ಬೊಡ್ಡೆ ಕೊರೆದು ಮಾಡಿದ ದೋಣಿಯಲ್ಲಿ ಹೋದೆವು. ಮರಳ ದಿಬ್ಬದ ಮೇಲೆ ಉದ್ದ ಮೂತಿಯ ಘರಿಯಾಲ್ ಮೊಸಳೆ ಬಿಸಿಲು ಕಾಯುತ್ತಿತ್ತು. ಗೈಡ್ ಅಲ್ಲಿನ ಮೂಲನಿವಾಸಿಗಳಾದ ಥಾರು ಸಮುದಾಯದವರು. ಒಂದು ಕಾಲಕ್ಕೆ ಮಲೇರಿಯಾಕ್ಕೆ ಹೆದರಿ ಹೊರಗಿನವರು ಅಲ್ಲಿ ನೆಲೆಸುತ್ತಿರಲಿಲ್ಲವಂತೆ. 1950ರ ದಶಕದಲ್ಲಿ ಸೊಳ್ಳೆ ಕೊಲ್ಲುವ ಡಿಡಿಟಿ ಹೊಡೆದ ಮೇಲೆ ಬೆಟ್ಟದ ಜನ ಇಳಿದು ಬಂದರು, ಕಾಡು ಹೊಲವಾಯಿತು, ಬೇಟೆಯೂ ನಡೆಯಿತು. 1960ರ ದಶಕದಲ್ಲಿ ಖಡ್ಗಮೃಗಗಳು ನೂರರ ಆಸುಪಾಸಿಗೆ ಇಳಿದಿದ್ದವು. 1973ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2021ರ ಗಣತಿಯಲ್ಲಿ ಚಿತ್ವನ್ ಒಂದರಲ್ಲೇ 694. ಮಲೆನಾಡಿನ ಮಲೇರಿಯಾ ಕಥೆ ಕೇಳಿ ಬೆಳೆದ ನನಗೆ ಥಾರು ಜನ ಪರಕೀಯರು ಅನಿಸಲೇ ಇಲ್ಲ.

ಈಗ ನಿಮ್ಮ ಬಂಡೀಪುರದ ಮಾತಿಗೆ ಬರುತ್ತೇನೆ. ಹೋಲಿಕೆಯೇ ಸರಿಯಿಲ್ಲ. ಬಂಡೀಪುರದ ಸಫಾರಿಯಲ್ಲಿ ವ್ಯಾನಿನಿಂದ ಇಳಿಯುವ ಹಾಗಿಲ್ಲ, ಆ ನಿಯಮ ಇರಬೇಕಾದದ್ದೇ. ಚಿತ್ವನ್‌ನಲ್ಲಿ ಗೈಡ್ ಜೊತೆ ಕಾಡಿನೊಳಗೆ ನಡೆಯಬಹುದು. ಹದಿಮೂರು ವರ್ಷದ ಹುಡುಗಿ ಅಪ್ಪ ಅಮ್ಮ ಪಕ್ಕದಲ್ಲಿಲ್ಲದೆ, ಗೆಳತಿಯರ ಜೊತೆ, ಸುಮ್ನೆ ಉಸಿರು ಹಿಡಿದು ನಿಲ್ಲುವುದಿದೆಯಲ್ಲ, ಅದು ಮನೆಯವರ ಜೊತೆ ಹೋದರೆ ಸಿಗಲ್ಲ. "ನಾವೇ ಮುಂದೆ ಯಾವತ್ತಾದರೂ ಕರ್ಕೊಂಡು ಹೋಗ್ತೀವಿ" ಅನ್ನಬೇಡಿ. ಆ ವಯಸ್ಸು ನಿಲ್ಲಲ್ಲ.

ಬೂದು ಇಲ್ಲವೇ ಕಂದು ಸ್ವೆಟರ್ ಕೊಡಿಸಿ, ಜೊತೆಗೆ ಅಂಥದ್ದೇ ಇನ್ನೊಂದು ಇಡಿ, ಬೇರೆ ಮಗುವಿಗೆ ಬೇಕಾದೀತು. ಆಮೇಲೆ ಶಾಲೆಯವರನ್ನು ನೇರವಾಗಿ ಕೇಳಿ: ಕಾಲ್ನಡಿಗೆ ಇದೆಯಾ, ಬರೀ ಜೀಪಾ? ಬರೀ ಜೀಪ್ ಅಂದರೆ ಅಷ್ಟು ದುಡ್ಡು ಕೊಡಬೇಡಿ, ಬಂಡೀಪುರಕ್ಕೇ ಹೋಗಿ ಬನ್ನಿ.