ಫ್ರಾಂಕೋನಿಯಾ ರಿಜ್: ಅಕ್ಟೋಬರ್‌ನ ಹಾದಿಯನ್ನು ಜನವರಿಯಲ್ಲಿ ಹಿಡಿಯುವ ಮುನ್ನ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಫ್ರಾಂಕೋನಿಯಾ ರಿಜ್ (ಬೆಟ್ಟಸಾಲಿನ ನೆತ್ತಿಯ ಏಣು) ಸುತ್ತನ್ನು ಅಕ್ಟೋಬರ್‌ನಲ್ಲಿ ಏಳು ಗಂಟೆಯೊಳಗೆ ಮುಗಿಸಿದ್ದೀರಿ, ಈಗ ಹಿಮದಲ್ಲಿ ಹೂತುಹೋಗದಂತೆ ಬೂಟಿನಡಿ ಕಟ್ಟಿಕೊಳ್ಳುವ ಅಗಲವಾದ ಸ್ನೋಶೂ ಕೊಂಡಿದ್ದೀರಿ. ಜನವರಿಯಲ್ಲಿ ಅದೇ ಸುತ್ತು ಹಾಕಬಹುದೇ, ಸ್ನೋಶೂ ಇದ್ದರೆ ಸಾಕೇ, ಆಗದಿದ್ದರೆ ಏಪ್ರಿಲ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂದು ಕೇಳಿದ್ದೀರಿ. ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಜನವರಿಯಲ್ಲಿ ಹೋಗಿ, ಆದರೆ ಸುತ್ತು ಹಾಕಬೇಡಿ. ಓಲ್ಡ್ ಬ್ರೈಡಲ್ ಪಾತ್ ಹಿಡಿದು ಲಫಾಯೆಟ್ ಶಿಖರಕ್ಕೆ ಹೋಗಿ, ಹತ್ತಿದ ದಾರಿಯಲ್ಲೇ ಇಳಿಯಿರಿ. ಸ್ನೋಶೂ ಬೇಕೇ ಬೇಕು, ಅದೊಂದೇ ಸಾಲದು. ಏಪ್ರಿಲ್‌ನಲ್ಲಿ ಮಕ್ಕಳೊಂದಿಗೆ ಖಂಡಿತ ಬೇಡ.

ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು, "ಬರೀ 1,600 ಮೀಟರ್ ಬೆಟ್ಟ, ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ, ಇಷ್ಟೇಕೆ ಯೋಚನೆ" ಎಂದಿದ್ದಾರೆ. ಎತ್ತರದ ಲೆಕ್ಕ ಸರಿಯೇ. ಮುಳ್ಳಯ್ಯನಗಿರಿ 1,900 ಮೀಟರಿಗೂ ಹೆಚ್ಚು. ಆದರೆ ಲಫಾಯೆಟ್ ಇರುವುದು ಉತ್ತರದ 44ನೇ ಅಕ್ಷಾಂಶದಲ್ಲಿ. ಅಲ್ಲಿ ಸುಮಾರು 1,300 ಮೀಟರ್ ದಾಟುತ್ತಿದ್ದಂತೆ ಮರಗಳು ಕುಳ್ಳಗಾಗಿ, ಮೊಣಕಾಲೆತ್ತರದ ಪೊದೆಯಾಗಿ, ಕೊನೆಗೆ ಇಲ್ಲವೇ ಆಗುತ್ತವೆ. ಅಲ್ಲಿಂದ ಮೇಲೆ ಬಂಡೆ, ಗಾಳಿ, ನೀವು. ಹಾದಿ ಶುರುವಾಗುವ ಜಾಗ ಸುಮಾರು 540 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿಯಂತೆ ತಾಪಮಾನ ಇಳಿಯುತ್ತದೆ ಎಂದುಕೊಂಡರೆ, ಕಾರು ನಿಲ್ಲಿಸಿದ ಜಾಗಕ್ಕಿಂತ ಶಿಖರದಲ್ಲಿ ಏಳು ಡಿಗ್ರಿ ಹೆಚ್ಚು ಚಳಿ. ಇದು ಗಾಳಿಯನ್ನು ಬಿಟ್ಟು ಹೇಳಿದ ಮಾತು. ಮೈನಸ್ 15 ಡಿಗ್ರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ತಟ್ಟುವುದು ಮೈನಸ್ 30ರ ಚಳಿ. ಹಾಗಿರುವಾಗ ಮುಚ್ಚದೆ ಬಿಟ್ಟ ಕೆನ್ನೆ, ಮೂಗಿನ ತುದಿ ಅರ್ಧ ಗಂಟೆಯೊಳಗೇ ಹೆಪ್ಪುಗಟ್ಟಬಹುದು. ಆ ಬೆಟ್ಟಗಳಲ್ಲಿ ಇಂಥ ಗಾಳಿ ಚಳಿಗಾಲದ ಸಾಮಾನ್ಯ ದಿನಗಳಲ್ಲೂ ಇರುತ್ತದೆ.

ಈಗ ಹಾದಿಯನ್ನೇ ನೋಡೋಣ. ಇಡೀ ಸುತ್ತು ಸುಮಾರು 14 ಕಿಲೋಮೀಟರ್, ಏರು 1,100 ಮೀಟರಿಗೂ ಹೆಚ್ಚು. ಫಾಲಿಂಗ್ ವಾಟರ್ಸ್ ಹಾದಿಯಲ್ಲಿ ಜಲಪಾತಗಳ ಪಕ್ಕದಲ್ಲೇ ಹತ್ತಿ ಲಿಟಲ್ ಹೇಸ್ಟ್ಯಾಕ್ ಶಿಖರ ತಲುಪಿ, ಲಿಂಕನ್ ಶಿಖರ ದಾಟಿ ಲಫಾಯೆಟ್‌ಗೆ ನಡೆದು, ಗ್ರೀನ್‌ಲೀಫ್ ಹಟ್ (ಬೆಟ್ಟ ಹತ್ತುವವರು ತಂಗುವ ಮನೆ) ಮೂಲಕ ಓಲ್ಡ್ ಬ್ರೈಡಲ್ ಪಾತ್‌ನಲ್ಲಿ ಇಳಿದಿರುತ್ತೀರಿ. ಅಕ್ಟೋಬರ್‌ನಲ್ಲಿ ನಿಮಗೆ ಅತ್ಯಂತ ಸುಖವೆನಿಸಿದ್ದು ಲಿಟಲ್ ಹೇಸ್ಟ್ಯಾಕ್‌ನಿಂದ ಲಫಾಯೆಟ್‌ವರೆಗಿನ 2.7 ಕಿಲೋಮೀಟರ್ ಇರಬೇಕು, ಎಲ್ಲರಿಗೂ ಹಾಗೆಯೇ. ಚಳಿಗಾಲದಲ್ಲಿ ಯೋಜನೆಯೆಲ್ಲ ಆ 2.7 ಕಿಲೋಮೀಟರ್ ಸುತ್ತಲೇ ತಿರುಗಬೇಕು. ಏಕೆಂದರೆ ಆ ತುಂಡಿನ ನಡುವೆ ಇಳಿದು ಹೋಗುವ ದಾರಿಯೇ ಇಲ್ಲ. ಪೂರ್ವಕ್ಕೆ ಪೆಮಿಗೆವಾಸೆಟ್‌ನ ನಿರ್ಜನ ಕಾಡು. ಪಶ್ಚಿಮಕ್ಕೆ ವಾಕರ್ ಕಣಿವೆಯ ಕಡಿದಾದ ಕೊರಕಲುಗಳು. ಕೆಳಗೆ ಹೆದ್ದಾರಿಯಲ್ಲಿ ಕಾರುಗಳು ಓಡುವುದು ಕಾಣುತ್ತದೆ, ನೇರವಾಗಿ ಇಳಿದುಬಿಟ್ಟರೆ ಆಯಿತಲ್ಲ ಎನಿಸುತ್ತದೆ. ಹಾಗೆ ಇಳಿಯಲು ಹೋದವರನ್ನು ಎದೆಮಟ್ಟದ ಹಿಮದಿಂದ, ಪೊದೆಯಿಂದ ರಕ್ಷಣಾ ತಂಡಗಳು ಎತ್ತಿ ತರಬೇಕಾಗಿ ಬಂದಿದೆ. ಎಲ್ಲರೂ ಜೀವಂತವಾಗಿ ಬಂದಿಲ್ಲ. ಏಣಿನ ಮೇಲೆ ಕಾಲಿಟ್ಟ ಮೇಲೆ ಇರುವುದು ಎರಡೇ ದಾರಿ, ಮುಂದೆ ಅಥವಾ ಹಿಂದೆ.

ಗಾಳಿ ಹೆಚ್ಚಾಗಿ ಬೀಸುವುದು ಪಶ್ಚಿಮದಿಂದ, ವಾಯವ್ಯದಿಂದ. ನೀವು ಹೋದ ದಿಕ್ಕಿನಲ್ಲೇ, ಅಂದರೆ ದಕ್ಷಿಣದಿಂದ ಉತ್ತರಕ್ಕೆ ಏಣನ್ನು ದಾಟಿದರೆ ಅದು ಎಡಗೆನ್ನೆಗೂ ಮುಖಕ್ಕೂ ಬಡಿಯುತ್ತಲೇ ಇರುತ್ತದೆ, ಅದೂ ದಿನದ ಅತಿ ಎತ್ತರದ ಜಾಗ ಕೊನೆಗೆ ಬರುವಂತೆ. ಹಾಗಾದರೆ ತಿರುಗುಮುರುಗಾಗಿ ಹೋಗೋಣ ಎಂದರೆ ಫಾಲಿಂಗ್ ವಾಟರ್ಸ್‌ನಲ್ಲಿ ಇಳಿಯಬೇಕಾಗುತ್ತದೆ. ಅಲ್ಲಿನ ತೊರೆ ದಾಟುವ ಜಾಗಗಳಲ್ಲಿ ನೀರು ಹಾದಿಯ ಮೇಲೆ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿ, ಉಬ್ಬಿದ ಮಂಜುಗಡ್ಡೆಯ ದಿಬ್ಬಗಳಾಗಿರುತ್ತವೆ. ಹತ್ತುವಾಗಲೇ ಅವು ಕಷ್ಟ. ದಣಿದ ಕಾಲಿನಲ್ಲಿ, ಸಂಜೆಯ ಮಬ್ಬಿನಲ್ಲಿ ಇಳಿಯುವುದಂತೂ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಓಲ್ಡ್ ಬ್ರೈಡಲ್ ಪಾತ್‌ನಲ್ಲಿ ದೊಡ್ಡ ತೊರೆ ದಾಟುವ ಪ್ರಸಂಗವಿಲ್ಲ, ಮರಗಳ ಆಸರೆ ಬಹುಮಟ್ಟಿಗೆ ಹಟ್‌ವರೆಗೂ ಇರುತ್ತದೆ, ಯಾವ ಕ್ಷಣದಲ್ಲಿ ಬೇಕಾದರೂ ತಿರುಗಿ ಬರಬಹುದು. ಮೊದಲ ಚಳಿಗಾಲಕ್ಕೆ ಅದನ್ನೇ ಹೇಳುತ್ತಿರುವುದು ಇದಕ್ಕಾಗಿ. ಹಟ್ ಚಳಿಗಾಲದಲ್ಲಿ ಮುಚ್ಚಿರುತ್ತದೆ ಎಂಬುದು ನೆನಪಿರಲಿ. ಅದರ ಗೋಡೆಯ ಮರೆ ಸಿಗುತ್ತದೆ, ಒಳಗೆ ಜಾಗವಿಲ್ಲ, ಬಿಸಿನೀರಿಲ್ಲ.

ಇನ್ನು ಸ್ನೋಶೂ ವಿಷಯ. ಹೊಸ ಹಿಮ ಬಿದ್ದ ಕಾಡಿನ ಹಾದಿಯಲ್ಲಿ ಅದಿಲ್ಲದೆ ನಡೆದರೆ ಪ್ರತಿ ಹೆಜ್ಜೆಗೂ ತೊಡೆಯವರೆಗೆ ಹೂತು ಒಂದೇ ಗಂಟೆಯಲ್ಲಿ ಸುಸ್ತಾಗುತ್ತೀರಿ. ನಿಮ್ಮ ಕಾಲು ಮಾಡಿದ ಗುಂಡಿಗಳು ರಾತ್ರಿ ಗಟ್ಟಿಯಾಗಿ ಮರುದಿನ ಬರುವವರ ಕಣಕಾಲು ಮುರಿಯುವ ಬಲೆಗಳಾಗುತ್ತವೆ. ಪಕ್ಕದ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಪರ್ವತಗಳ ಪೂರ್ವ ಹೈ ಪೀಕ್ಸ್ ಪ್ರದೇಶದಲ್ಲಿ ಎಂಟು ಅಂಗುಲ ಹಿಮ ಇದ್ದರೆ ಸ್ನೋಶೂ ಅಥವಾ ಸ್ಕೀ ಧರಿಸುವುದು ಕಡ್ಡಾಯ. ಇಲ್ಲಿ ಅಂಥ ಕಟ್ಟಳೆ ಇಲ್ಲದಿದ್ದರೂ ನಡೆಯುವವರ ನಡುವಿನ ಮರ್ಯಾದೆ ಅದೇ. ಹಾದಿಯ ಮಧ್ಯದಲ್ಲೇ ನಡೆಯಿರಿ. ಅಂಚಿನಲ್ಲಿರುವ ಚಿಕ್ಕ ಸ್ಪ್ರೂಸ್ ಮರಗಳ ಕೊಂಬೆಗಳ ಕೆಳಗೆ ಹಿಮ ತುಂಬಿಕೊಳ್ಳದೆ ಟೊಳ್ಳಾಗಿರುತ್ತದೆ, ಮೇಲಿನಿಂದ ಮಾತ್ರ ಸಪಾಟಾಗಿ ಕಾಣುತ್ತದೆ. ಅದರೊಳಗೆ ಬಿದ್ದರೆ ಸ್ನೋಶೂ ಕೊಂಬೆಗಳಿಗೆ ಸಿಕ್ಕಿಕೊಂಡು, ಜೊತೆಗಾರರಿಲ್ಲದೆ ಮೇಲೆ ಬರುವುದೇ ದುಸ್ತರವಾಗುತ್ತದೆ.

ನೀವು ಕೊಂಡಿರುವುದನ್ನು ತಿರುಗಿಸಿ ನೋಡಿ. ಪಾದದ ಉಬ್ಬಿನ ಕೆಳಗೆ ಉಕ್ಕಿನ ಹಲ್ಲುಗಳಿರಬೇಕು. ಚೌಕಟ್ಟಿನ ಎರಡೂ ಬದಿಗೆ ಗರಗಸದಂಥ ಅಂಚಿರಬೇಕು. ಹಿಮ್ಮಡಿಯ ಕೆಳಗೆ ಎತ್ತಿ ನಿಲ್ಲಿಸಬಹುದಾದ ತಂತಿಯ ಕಂಬಿ ಇದ್ದರೆ ಇನ್ನೂ ಒಳ್ಳೆಯದು. ಕಡಿದಾದ ಏರಿನಲ್ಲಿ ಅದನ್ನು ಎತ್ತಿದರೆ ಹಿಮ್ಮಡಿಗೆ ಆಸರೆ ಸಿಕ್ಕಿ ಮೀನಖಂಡದ ನೋವು ಎಷ್ಟೋ ಕಡಿಮೆಯಾಗುತ್ತದೆ. ಕೊಳವೆ ಚೌಕಟ್ಟಿನ ಅಗಲವಾದ ಸ್ನೋಶೂ ಬಯಲಿಗೆ, ಸರೋವರದ ದಡಕ್ಕೆ ಸರಿ. ಓಲ್ಡ್ ಬ್ರೈಡಲ್ ಪಾತ್‌ನಲ್ಲಿ ಹಟ್‌ಗಿಂತ ಕೆಳಗಿರುವ ಮೂರು ಕಡಿದಾದ ದಿಬ್ಬಗಳಿಗೆ ಅಲ್ಲ. ಅವುಗಳನ್ನು ಅಲ್ಲಿಯವರು ಅಗನಿಗಳು ಎಂದೇ ಕರೆಯುತ್ತಾರೆ, ಅಂದರೆ ಯಾತನೆಗಳು. ಇಳಿಯುವಾಗ ಅವು ಹತ್ತುವಾಗಿನಷ್ಟೇ ಗಮನ ಕೇಳುತ್ತವೆ. ಹಿಮ ತುಳಿದು ಗಟ್ಟಿಯಾದ ದಿನಗಳಲ್ಲಿ ಸ್ನೋಶೂ ಬದಲು ಮೈಕ್ರೋಸ್ಪೈಕ್ (ಬೂಟಿನ ಮೇಲೆ ಎಳೆದು ಹಾಕುವ, ಚಿಕ್ಕ ಮೊಳೆಗಳ ಸರಪಳಿ) ಸಾಕಾಗಬಹುದು. ಮರಗಳ ಗಡಿ ದಾಟಿದ ಮೇಲೆ ಗಾಳಿ ಹಿಮವನ್ನು ಗುಡಿಸಿ ಹಾಕಿರುತ್ತದೆ: ಒಂದು ಕಡೆ ಬರಿಯ ಬಂಡೆ, ಇನ್ನೊಂದು ಕಡೆ ನೀಲಿ ಮಂಜುಗಡ್ಡೆ, ನಡುವೆ ಸೊಂಟದೆತ್ತರದ ಹಿಮದ ರಾಶಿ. ಅಲ್ಲಿ ಸ್ನೋಶೂ ಬೆನ್ನಿನ ಚೀಲಕ್ಕೆ, ಕಾಲಿಗೆ ಮೈಕ್ರೋಸ್ಪೈಕ್. ಮಂಜುಗಡ್ಡೆ ದಪ್ಪಗಿದ್ದರೆ ಬೂಟಿಗೆ ಬಿಗಿಯುವ, ಉದ್ದನೆಯ ಹತ್ತು ಮೊನೆಗಳ ಲೋಹದ ಚೌಕಟ್ಟು, ಅಂದರೆ ಕ್ರಾಂಪಾನ್. ಅದನ್ನು ಬಳಸಲು ಬಾರದಿದ್ದರೆ ಆ ದಿನ ಶಿಖರ ಬೇಡ. ಸ್ಪೈಕ್ ಹಾಕಿಕೊಂಡು ಕುಳಿತು ಜಾರುವ ಆಟ ಮಾತ್ರ ಯಾರೂ ಆಡಬೇಡಿ. ಮೊನೆ ಸಿಕ್ಕಿಕೊಂಡರೆ ಮುರಿಯುವುದು ಕಣಕಾಲು.

ಎಲ್ಲಕ್ಕಿಂತ ಮುಖ್ಯವಾದ ಜಾಗ ಯಾವುದೆಂದು ಕೇಳಿದರೆ ಶಿಖರ ಎನ್ನುವುದಿಲ್ಲ, ಹಟ್ ದಾಟಿ ಈಗಲ್ ಲೇಕ್‌ನ ಪಕ್ಕದ ಪೊದೆಗಳು ಮುಗಿಯುವ ಜಾಗ ಎನ್ನುತ್ತೇನೆ. ಅಲ್ಲಿ, ಕೊನೆಯ ಮರೆಯಲ್ಲಿ ನಿಂತು, ಚಳಿಯಾಗುವ ಮುನ್ನವೇ ಎಲ್ಲವನ್ನೂ ಹಾಕಿಕೊಳ್ಳಬೇಕು. ಬೆವರಿನಿಂದ ಒದ್ದೆಯಾದ ಒಳ ಕೈಗವಸು ತೆಗೆದು ಒಣಗಿದ್ದನ್ನು ಹಾಕಿ, ಮೇಲೆ ದಪ್ಪ ಮಿಟನ್ ಎಳೆದುಕೊಳ್ಳಿ. ಮುಖದ ಬಟ್ಟೆ ಮೂಗಿನ ಮೇಲೆ ಬರಲಿ. ಅದರಿಂದ ಬಿಟ್ಟ ಉಸಿರು ಗಾಗಲ್‌ಗೆ ಹೋಗದಂತೆ ಕೆಳಕ್ಕೆ ತಿರುಗಲಿ, ಇಲ್ಲದಿದ್ದರೆ ಗಾಗಲ್ ಒಳಗೇ ಹೆಪ್ಪುಗಟ್ಟಿ ಕುರುಡಾಗುತ್ತದೆ. ಜಾಕೆಟ್‌ನ ಜಿಪ್ ಗಲ್ಲದವರೆಗೆ ಏರಲಿ. ನಂತರ ಹೊರಗೆ ಐವತ್ತು ಹೆಜ್ಜೆ ನಡೆದು ನೋಡಿ. ನೇರ ನಿಲ್ಲಲಾಗದಿದ್ದರೆ, ಮುಂದಿನ ಕಲ್ಲುಗುಪ್ಪೆ ಕಾಣದಿದ್ದರೆ, ಜೊತೆಯಲ್ಲಿ ಒಬ್ಬರಾದರೂ ಬೆರಳು ಮರಗಟ್ಟಿದೆ ಎಂದರೆ, ಅಲ್ಲೇ ತಿರುಗಿ. "ಸ್ವಲ್ಪ ಮುಂದೆ ನೋಡೋಣ" ಎಂಬ ಮಾತನ್ನು ಆ ಜಾಗದಲ್ಲಿ ಯಾರೂ ಆಡಬಾರದೆಂದು ಮನೆಯಲ್ಲೇ ಒಪ್ಪಂದ ಮಾಡಿಕೊಳ್ಳಿ.

ಶಿಖರದಲ್ಲಿ ಹಳೆಯ ಕಟ್ಟಡವೊಂದರ ಕಲ್ಲಿನ ತಳಪಾಯ ಉಳಿದಿದೆ. ಅದರ ಮರೆಯಲ್ಲಿ ಕುಳಿತು ಏನಾದರೂ ತಿನ್ನಬಹುದು, ಆದರೆ ಎದ್ದು ಹೊರಡುವಾಗ ಎಚ್ಚರ. ಅಲ್ಲಿ ಮೂರು ಹಾದಿಗಳು ಸೇರುತ್ತವೆ: ದಕ್ಷಿಣಕ್ಕೆ ಏಣಿನ ಹಾದಿ, ಉತ್ತರಕ್ಕೆ ಗಾರ್ಫೀಲ್ಡ್ ರಿಜ್ ಹಾದಿ, ಪಶ್ಚಿಮಕ್ಕೆ, ಹಟ್‌ನಿಂದ ಮೇಲೆ ನೀವು ಹತ್ತಿ ಬಂದ, ಈಗ ಇಳಿಯಲು ಹಿಡಿಯಬೇಕಾದ ಗ್ರೀನ್‌ಲೀಫ್ ಹಾದಿ. ಫಲಕಗಳ ಮೇಲೆ ಬಿಳಿ ಹಿಮಗರಿ ಅಂಟಿ ಅಕ್ಷರ ಕಾಣದಿರಬಹುದು. ಮಂಜು ಕವಿದಾಗ ನೆಲವೂ ಆಕಾಶವೂ ಒಂದೇ ಬಿಳುಪಾಗಿ, ಇಳಿಜಾರು ಯಾವ ಕಡೆಗಿದೆ ಎಂಬುದೂ ತಿಳಿಯುವುದಿಲ್ಲ. ಹತ್ತುವಾಗಲೇ ಪೊದೆಗಳ ಗಡಿಯಲ್ಲಿ, ಶಿಖರದಲ್ಲಿ ಜಿಪಿಎಸ್ ಗುರುತು ಹಾಕಿ, ಇಳಿಯುವ ದಿಕ್ಕನ್ನು ದಿಕ್ಸೂಚಿಯಲ್ಲೂ ನೋಡಿಟ್ಟುಕೊಳ್ಳಿ. ಮೊಬೈಲ್ ಒಳಜೇಬಿನಲ್ಲಿ ಮೈಗೆ ತಾಗಿಕೊಂಡಿರಲಿ. ಚಳಿಗೆ ಬ್ಯಾಟರಿ ತುಂಬಿದ್ದರೂ ತಟ್ಟನೆ ಆರಿಹೋಗುತ್ತದೆ. ನೀರಿನ ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಿ, ಆಗ ಮೊದಲು ಹೆಪ್ಪುಗಟ್ಟುವುದು ತಳದ ಕಡೆ, ಮುಚ್ಚಳ ತೆರೆಯಲು ಬರುತ್ತದೆ. ಕೊಳವೆಯಿಂದ ಹೀರುವ ನೀರಿನ ಚೀಲ ಬೇಡವೇ ಬೇಡ.

ಜನವರಿಯಲ್ಲಿ ಹಗಲು ಒಂಬತ್ತು ಗಂಟೆಗಿಂತ ತುಸು ಹೆಚ್ಚು, ಅಷ್ಟೇ. ಬೆಳಕು ಹರಿಯುವಾಗಲೇ ಹೆಜ್ಜೆ ಹಾಕಿ, ಶಿಖರ ಸಿಗಲಿ ಸಿಗದಿರಲಿ ಮಧ್ಯಾಹ್ನ ಒಂದಕ್ಕೆ ತಿರುಗಿ. ಹೆಡ್‌ಲ್ಯಾಂಪ್ ಪ್ರತಿಯೊಬ್ಬರ ಬಳಿಯೂ ಇರಲಿ. ಹಿಂದಿನ ಸಂಜೆ ಮೌಂಟ್ ವಾಷಿಂಗ್ಟನ್ ವೀಕ್ಷಣಾಲಯ ಕೊಡುವ ಎತ್ತರದ ಶಿಖರಗಳ ಮುನ್ಸೂಚನೆ ಓದಿ. ಕಣಿವೆಯ ಊರಿನ ಹವಾಮಾನ ಇಲ್ಲಿಗೆ ಉಪಯೋಗವಿಲ್ಲ. ಗಾಳಿ ಗಂಟೆಗೆ 50 ಕಿಲೋಮೀಟರ್ ಮೀರುವಂತಿದ್ದರೆ ನಾನಂತೂ ಹಟ್‌ವರೆಗೆ ಮಾತ್ರ ಎಂದು ತೀರ್ಮಾನಿಸಿಯೇ ಹೊರಡುತ್ತೇನೆ. ಹಟ್‌ಗಿಂತ ಕೆಳಗಿನ ಬಂಡೆಯಂಚುಗಳಿಂದ ಇಡೀ ಏಣು ಬಿಳಿಯಾಗಿ ಕಣ್ಣೆದುರು ನಿಲ್ಲುತ್ತದೆ, ಅಷ್ಟಕ್ಕೇ ಆ ದಿನ ಸಾರ್ಥಕ.

ಈಗ ಏಪ್ರಿಲ್. ಅದೇ ವೀಕ್ಷಣಾಲಯ ಗಂಟೆಗೆ 372 ಕಿಲೋಮೀಟರ್ ಗಾಳಿಯನ್ನು ಅಳೆದದ್ದು 1934ರ ಏಪ್ರಿಲ್ 12ರಂದು. ಕೆಳಗೆ ವಸಂತ ಬಂದಿದ್ದರೂ ಮೇಲೆ ಬಂದಿರುವುದಿಲ್ಲ ಎಂಬುದಕ್ಕೆ ಆ ದಿನಾಂಕವೊಂದೇ ಸಾಕು. ಆದರೆ ಮಕ್ಕಳಿಗೆ ಬೇಡ ಎನ್ನಲು ನನ್ನ ಕಾರಣ ಗಾಳಿಯಲ್ಲ, ಕಾಲಡಿಯ ಹಿಮ. ಚಳಿಗಾಲವಿಡೀ ತುಳಿದ ಹಿಮ ಹಾದಿಯ ನಡುವೆ ಕಿರಿದಾದ ದಿಂಡಿನಂತೆ ಉಳಿದು, ಎರಡೂ ಬದಿ ಕರಗಿರುತ್ತದೆ. ಬೆಳಿಗ್ಗೆ ಅದು ಗಾಜಿನಷ್ಟು ನುಣುಪು, ಮಧ್ಯಾಹ್ನ ಕೊಳೆತ ಹಿಮ, ಕಾಲಿಟ್ಟಲ್ಲಿ ಕುಸಿಯುತ್ತದೆ. ತೊರೆಗಳು ಕರಗಿದ ನೀರಿನಿಂದ ಉಕ್ಕುತ್ತಿರುತ್ತವೆ, ಬೆಳಿಗ್ಗೆ ಸುಲಭವಾಗಿ ದಾಟಿದ್ದನ್ನು ಸಂಜೆ ದಾಟಲಾಗದೆ ಹೋಗಬಹುದು. ಮೇ ಮುಗಿಯುವವರೆಗೂ ಹಾದಿ ಕೆಸರು. ಕೆಸರು ತಪ್ಪಿಸಲು ಪಕ್ಕಕ್ಕೆ ಸರಿದು ನಡೆದಷ್ಟೂ ಹಾದಿ ಅಗಲವಾಗಿ ಸಸಿಗಳು ಸಾಯುತ್ತವೆ. ಆಮೇಲೆ ಕಪ್ಪು ನೊಣಗಳ ಕಾಟ, ಜೂನ್ ನಡುವಿನವರೆಗೆ.

ಬೇಸಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಗುಡುಗು ಸಿಡಿಲಿಗೆ ಏಣಿನ ಮೇಲೆ ಸಿಕ್ಕಿಕೊಳ್ಳದಂತೆ ಬೇಗ ಹತ್ತಿ ಬೇಗ ಇಳಿಯಿರಿ. ಹಾದಿಯ ಎರಡೂ ಬದಿ ಜೋಡಿಸಿದ ಕಲ್ಲಿನ ಸಾಲು ದಾಟಬೇಡಿ. ಅಲ್ಲಿ ಕಲ್ಲಿಗೆ ಅಂಟಿದ ಹಸಿರು ಮೆತ್ತೆಯಂತೆ ಕಾಣುವ ಡಯಾಪೆನ್ಸಿಯಾ ಗಿಡ ಅಂಗೈಯಗಲ ಬೆಳೆಯಲು ಎಷ್ಟೋ ವರ್ಷ ಹಿಡಿಯುತ್ತದೆ, ಒಂದು ಬೂಟಿನ ಹಿಮ್ಮಡಿಗೆ ಹಾಳಾಗುತ್ತದೆ. ಇದನ್ನು ಮಕ್ಕಳಿಗೆ ಬಗ್ಗಿ ತೋರಿಸಿ. ತೋರಿಸಿದರೆ ಅವರೇ ದೊಡ್ಡವರನ್ನು ತಡೆಯುತ್ತಾರೆ. ಇನ್ನು ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ನಡುಗಾಲ ನೋಡಲು ಸೌಮ್ಯ. ಆದರೆ ಕೆಳಗೆ ಮಳೆ, ಮೇಲೆ ಹಿಮ, ಎಲೆಗಳ ಕೆಳಗೆ ಅಡಗಿದ ತೆಳು ಮಂಜುಗಡ್ಡೆ. ಹತ್ತಿಯ ಬಟ್ಟೆ ಒದ್ದೆಯಾಗಿ ಮೈಬಿಸಿ ಇಳಿಯುವುದು ಹೆಚ್ಚಾಗಿ ಇಂಥ ಸೊನ್ನೆಯ ಆಸುಪಾಸಿನ ದಿನಗಳಲ್ಲೇ.

ಹಾಗಾಗಿ ನನ್ನ ಸಲಹೆ ಇದು. ಡಿಸೆಂಬರ್‌ನಲ್ಲಿ ಹಿಮ ಬಿದ್ದ ಮೇಲೆ ಮೊದಲು ಹೆದ್ದಾರಿಯ ಆಚೆ ಬದಿಯ ಲೋನ್‌ಸಮ್ ಲೇಕ್‌ಗೆ ಹೋಗಿ. ಲಫಾಯೆಟ್ ಪ್ಲೇಸ್ ಶಿಬಿರದ ಬಳಿಯಿಂದ ಸರೋವರಕ್ಕೆ ಸುಮಾರು ಎರಡು ಕಿಲೋಮೀಟರ್, ಏರು 300 ಮೀಟರ್ ಆಸುಪಾಸು. ಸ್ನೋಶೂ ಪಟ್ಟಿ ಕೈಗವಸು ಹಾಕಿಕೊಂಡೇ ಬಿಗಿಯಲು ಬರುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಿ. ಇದಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರ ಲಫಾಯೆಟ್ ಜೂನ್ ಕೊನೆಗಿರಲಿ. ನ್ಯೂ ಹ್ಯಾಂಪ್‌ಶೈರ್‌ನ ಮೀನು ಮತ್ತು ವನ್ಯಜೀವಿ ಇಲಾಖೆಯ ಹೈಕ್ ಸೇಫ್ ಕಾರ್ಡ್ ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆ 35. ಅಜಾಗರೂಕತೆಯಿಂದ ರಕ್ಷಣಾ ತಂಡ ಬರಬೇಕಾದರೆ ಅದರ ಖರ್ಚು ನಿಮ್ಮ ತಲೆಗೆ ಬರುವುದನ್ನು ಅದು ತಪ್ಪಿಸುತ್ತದೆ, ಗೊತ್ತಿದ್ದೂ ಮಾಡಿದ ಹುಚ್ಚು ಸಾಹಸವಾದರೆ ತಪ್ಪಿಸುವುದಿಲ್ಲ. ಜನವರಿಯ ದಿನ ಗೊತ್ತಾದಾಗ ಎಷ್ಟು ಜನ, ಯಾರ ಬಳಿ ಕ್ರಾಂಪಾನ್ ಇದೆ, ಸ್ನೋಶೂವಿನ ಹಿಮ್ಮಡಿ ಕಂಬಿ ಇದೆಯೇ ಇಲ್ಲವೇ ಎಂದು ಇಲ್ಲೇ ಬರೆಯಿರಿ, ಹೊರಡುವ ಹಿಂದಿನ ಸಂಜೆ ಮುನ್ಸೂಚನೆಯನ್ನು ಒಟ್ಟಿಗೆ ಕುಳಿತು ನೋಡೋಣ.